ತಾಳದ ಕಾಲ, ಮಾತಿನ ಮಾತ್ರೆ: ಹಾಸನ ಸೀಮೆಯಲ್ಲಿ ಸಂಗೀತ ಮತ್ತು ಅರಿವಿನ ಸಂಬಂಧವನ್ನು ಅಳೆಯುವ ಬಗೆ

ಸಾರಾಂಶ

ಸಂಗೀತಾಭ್ಯಾಸವು ಮಿದುಳಿನ ಮೇಲೆ, ಅರಿವಿನ ಮೇಲೆ ಯಾವ ಪರಿಣಾಮ ಬೀರುತ್ತದೆ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಳ್ಳುವ ವಿದ್ಯಾರ್ಥಿ ಸಂಶೋಧಕರಿಗೆ ದೊರೆಯುವ ಮಾದರಿ ಅಧ್ಯಯನಗಳು ಬಹುಮಟ್ಟಿಗೆ ಯುರೋಪ್ ಮತ್ತು ಉತ್ತರ ಅಮೆರಿಕದ ಭಾಷಿಕರನ್ನು ಕುರಿತವು. ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣಗಳ ಕನ್ನಡ ಭಾಷಿಕರಿಗೆ ಆ ಮಾದರಿಗಳನ್ನು ಹಾಗೆಯೇ ಅನ್ವಯಿಸಿದರೆ ಭಾಷೆಯ ಪರಿಣಾಮವು ಸಂಗೀತದ ಪರಿಣಾಮವಾಗಿ ತೋರುವ ಅಪಾಯವಿದೆ. ಕನ್ನಡದ ಹ್ರಸ್ವ-ದೀರ್ಘ ಭೇದ, ರುದ್ರಪಟ್ಟಣದಲ್ಲಿ ಸಂಗೀತದೊಡನೆ ಕೂಡಿಬಂದಿರುವ ಸಂಕೇತಿ-ಕನ್ನಡ ದ್ವಿಭಾಷಿಕತೆ, ಕನ್ನಡ ಸಂಖ್ಯಾವಾಚಕಗಳ ಉದ್ದ ಎಂಬ ಮೂರು ಸಂಗತಿಗಳ ಮೂಲಕ ಈ ಅಪಾಯವನ್ನು ವಿವರಿಸಿ, ಅದನ್ನು ನೀಗಿಸಬಲ್ಲ ಅಧ್ಯಯನ ವಿನ್ಯಾಸವೊಂದನ್ನು ಇಲ್ಲಿ ಮುಂದಿಡುತ್ತೇವೆ.

ಪಾರಿಭಾಷಿಕ ಪದಗಳು: ಕಾಲಮಾನ, ಹ್ರಸ್ವ-ದೀರ್ಘ ಭೇದ, ಮಾತ್ರೆ, ತಾಳ, ಗಮಕ ವಾಚನ, ಸಂಕೇತಿ, ದ್ವಿಭಾಷಿಕತೆ, ಅಲ್ಪಾವಧಿ ಸ್ಮೃತಿ

1. ಪ್ರಶ್ನೆಯ ಸ್ವರೂಪ

ಸಂಗೀತ ಬಲ್ಲವರು ಮಾತಿನ ಧ್ವನಿಗಳನ್ನು ಇತರರಿಗಿಂತ ಸೂಕ್ಷ್ಮವಾಗಿ ಗ್ರಹಿಸುತ್ತಾರೆ ಎಂಬ ಹೇಳಿಕೆಗೆ ಆಧಾರಗಳಿವೆ. ಸಂಗೀತ ಕಲಿತರೆ ಬುದ್ಧಿ ಬೆಳೆಯುತ್ತದೆ ಎಂಬ ಹೇಳಿಕೆಗೆ ಇರುವ ಆಧಾರ ಅದಕ್ಕಿಂತ ಬಹಳ ದುರ್ಬಲವಾದುದು. ಇವೆರಡೂ ಸಾರ್ವಜನಿಕ ಚರ್ಚೆಯಲ್ಲಿ ಒಂದೇ ಎಂಬಂತೆ ಬಳಕೆಯಾಗುತ್ತಿರುವುದರಿಂದ, ಸ್ನಾತಕೋತ್ತರ ಪ್ರಬಂಧಕ್ಕೋ ಪಿಎಚ್.ಡಿ. ಪದವಿಗೋ ಈ ವಿಷಯವನ್ನು ಆರಿಸಿಕೊಳ್ಳುವ ವಿದ್ಯಾರ್ಥಿಯು ಮೊದಲಿಗೆ ತಾನು ಯಾವುದನ್ನು ಅಳೆಯಲು ಹೊರಟಿದ್ದೇನೆಂಬುದನ್ನು ನಿರ್ಧರಿಸಿಕೊಳ್ಳಬೇಕಾಗುತ್ತದೆ.

ಹಾಸನ ಜಿಲ್ಲೆ ಇಂತಹ ಅಧ್ಯಯನಕ್ಕೆ ತಕ್ಕ ಸೀಮೆ. ಕನ್ನಡದ ಪ್ರಾಚೀನ ಶಾಸನಗಳಲ್ಲಿ ಮೊದಲು ನೆನೆಯಲಾಗುವ ಹಲ್ಮಿಡಿ ಶಾಸನ ದೊರೆತದ್ದು ಈ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ. ಶಾಸನಗಳ ಭಂಡಾರವಾದ ಶ್ರವಣಬೆಳಗೊಳ ಇರುವುದು ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ. ಕಾವೇರಿಯ ದಡದ ರುದ್ರಪಟ್ಟಣವು ಅರಕಲಗೂಡು ತಾಲ್ಲೂಕಿಗೆ ಸೇರಿದ್ದು, ಕರ್ನಾಟಕ ಸಂಗೀತಕ್ಕೆ ತಲೆಮಾರುಗಳ ಕಾಲ ಗಾಯಕರನ್ನೂ ವಾದಕರನ್ನೂ ಕೊಟ್ಟಿದೆ. ಆರ್.ಕೆ. ಶ್ರೀಕಂಠನ್ (1920–2014), ‘ರುದ್ರಪಟ್ಟಣಂ ಸಹೋದರರು’ ಎಂದು ಹೆಸರಾದ ಆರ್.ಎನ್. ತ್ಯಾಗರಾಜನ್ ಮತ್ತು ಆರ್.ಎನ್. ತಾರಾನಾಥನ್, ತಂಬೂರಿಯ ಆಕಾರದ ಸಪ್ತಸ್ವರ ಮಂದಿರವನ್ನು ಊರಿನಲ್ಲಿ ಕಟ್ಟಿಸಿದ ಆರ್.ಕೆ. ಪದ್ಮನಾಭ ಈ ಊರಿನವರು. ಒಂದೇ ಜಿಲ್ಲೆಯೊಳಗೆ ಸಂಗೀತದ ಊರು, ಕಾಲೇಜುಗಳ ಪಟ್ಟಣ, ಭಜನೆ ಹಾಗೂ ಬಯಲಾಟಗಳ ಹಳ್ಳಿಗಳು ಹತ್ತಿರ ಹತ್ತಿರದಲ್ಲಿವೆ.

ಆದರೆ ಈ ಅನುಕೂಲವೇ ಸಂಶೋಧಕನನ್ನು ದಾರಿ ತಪ್ಪಿಸಬಲ್ಲದು. ರುದ್ರಪಟ್ಟಣದ ಮೂವತ್ತು ಸಂಗೀತಗಾರರನ್ನೂ ಹಾಸನದ ಮೂವತ್ತು ಕಾಲೇಜು ವಿದ್ಯಾರ್ಥಿಗಳನ್ನೂ ಹೋಲಿಸಿ, ಕಂಡ ವ್ಯತ್ಯಾಸವನ್ನು ಸಂಗೀತದ ಪರಿಣಾಮವೆಂದು ಬರೆದುಬಿಡುವುದು ಸುಲಭ. ಆ ಎರಡು ಗುಂಪುಗಳ ನಡುವೆ ಸಂಗೀತವಲ್ಲದೆ ಬೇರೆ ಏನೇನು ವ್ಯತ್ಯಾಸಗಳಿವೆ, ಅವುಗಳಲ್ಲಿ ಭಾಷೆಗೆ ಸೇರಿದವು ಎಷ್ಟು ಎಂಬುದೇ ಈ ಲೇಖನದ ಪ್ರಶ್ನೆ.

2. ಕೇಳುವುದು ಮತ್ತು ಕಲಿಯುವುದು

ಸಂಗೀತವನ್ನು ಕೇಳುವುದರ ಪರಿಣಾಮ ಬೇರೆ, ಕಲಿಯುವುದರ ಪರಿಣಾಮ ಬೇರೆ. 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ರೌಷರ್, ಶಾ ಮತ್ತು ಕೀ ಒಂದು ಕಿರುವರದಿಯನ್ನು ಪ್ರಕಟಿಸಿದರು. 36 ಕಾಲೇಜು ವಿದ್ಯಾರ್ಥಿಗಳಿಗೆ ಮೊಟ್ಸಾರ್ಟನ ಎರಡು ಪಿಯಾನೋಗಳ ಸೊನಾಟಾವನ್ನು ಹತ್ತು ನಿಮಿಷ ಕೇಳಿಸಿದ ಬಳಿಕ, ಆಕಾರಗಳನ್ನು ಮನಸ್ಸಿನಲ್ಲಿ ಮಡಿಸಿ ನೋಡುವಂತಹ ಪರೀಕ್ಷೆಗಳಲ್ಲಿ ಅವರ ಅಂಕಗಳು 8ರಿಂದ 9ರಷ್ಟು ಮೇಲಿದ್ದವು. ಆ ಪರಿಣಾಮ ಉಳಿದದ್ದು ಹತ್ತು-ಹದಿನೈದು ನಿಮಿಷ ಮಾತ್ರವೆಂದು ಲೇಖಕರೇ ಹೇಳಿದ್ದರು. ಐದು ವರ್ಷಗಳಲ್ಲಿ ಈ ವರದಿ ಎಷ್ಟು ಬೆಳೆಯಿತೆಂದರೆ, 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟುವ ಪ್ರತಿಯೊಂದು ಮಗುವಿಗೂ ಶಾಸ್ತ್ರೀಯ ಸಂಗೀತದ ಮುದ್ರಿಕೆಯನ್ನು ಸರ್ಕಾರದ ವತಿಯಿಂದ ಕೊಡುವ ಪ್ರಸ್ತಾವವನ್ನು ಮಂಡಿಸಿದರು.

ಅನಂತರದ ಅಧ್ಯಯನಗಳು ಇದಕ್ಕೆ ಸರಳವಾದ ವಿವರಣೆಯನ್ನು ಕೊಟ್ಟವು. ನಾಂಟೇ ಮತ್ತು ಶೆಲೆನ್‌ಬರ್ಗ್ (1999) ಮೊಟ್ಸಾರ್ಟನ ಸಂಗೀತವನ್ನು ಕಥೆಯೊಂದರ ಓದಿನೊಡನೆ ಹೋಲಿಸಿದಾಗ, ಕಥೆಯನ್ನು ಇಷ್ಟಪಟ್ಟವರು ಕಥೆ ಕೇಳಿದ ಮೇಲೆ ಚೆನ್ನಾಗಿ ಮಾಡಿದರು, ಸಂಗೀತವನ್ನು ಇಷ್ಟಪಟ್ಟವರು ಸಂಗೀತ ಕೇಳಿದ ಮೇಲೆ. ಥಾಂಪ್ಸನ್, ಶೆಲೆನ್‌ಬರ್ಗ್ ಮತ್ತು ಹುಸೇನ್ (2001) ಕೇಳುಗರ ಉಲ್ಲಾಸ ಮತ್ತು ಎಚ್ಚರಗಳ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಸಂಗೀತದ ವಿಶೇಷ ಪರಿಣಾಮ ಕಾಣಲಿಲ್ಲ. ಮನಸ್ಸು ಗೆಲುವಾಗಿದ್ದರೆ ಸ್ವಲ್ಪ ಹೊತ್ತು ಕೆಲಸ ಚುರುಕಾಗುತ್ತದೆ ಎಂಬುದಷ್ಟೇ ಉಳಿಯಿತು.

ಕಲಿಕೆಯ ಪ್ರಶ್ನೆ ಇದಕ್ಕಿಂತ ಗಂಭೀರವಾದುದು. ಶೆಲೆನ್‌ಬರ್ಗ್ 2004ರಲ್ಲಿ ಆರು ವರ್ಷದ 144 ಮಕ್ಕಳನ್ನು ಯಾದೃಚ್ಛಿಕವಾಗಿ ನಾಲ್ಕು ಗುಂಪುಗಳಿಗೆ ಹಂಚಿದರು: ಕೀಬೋರ್ಡ್, ಗಾಯನ, ನಾಟಕ, ಯಾವ ಪಾಠವೂ ಇಲ್ಲದ ಗುಂಪು. 36 ವಾರಗಳ ಬಳಿಕ ಸಂಗೀತದ ಗುಂಪುಗಳಲ್ಲಿ ಬುದ್ಧಿಮತ್ತೆಯ ಅಂಕ ಸರಾಸರಿ 7ರಷ್ಟು, ಉಳಿದವುಗಳಲ್ಲಿ 4.3ರಷ್ಟು ಏರಿತ್ತು. ಅಂದರೆ ಸಂಗೀತಕ್ಕೆ ಸಲ್ಲಬಹುದಾದ ಪಾಲು ಮೂರು ಅಂಕಕ್ಕೂ ಕಡಿಮೆ. ಸಾಲಾ ಮತ್ತು ಗೋಬೆ (2020) 54 ಅಧ್ಯಯನಗಳನ್ನು, ಒಟ್ಟು 6,984 ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದಾಗ ಕಂಡದ್ದು ಇನ್ನೂ ಎಚ್ಚರಿಕೆಯದು: ಯಾದೃಚ್ಛಿಕ ಹಂಚಿಕೆಯೂ, ಬೇರೊಂದು ಚಟುವಟಿಕೆಯಲ್ಲಿ ತೊಡಗಿದ ಹೋಲಿಕೆಯ ಗುಂಪೂ ಇದ್ದ ಅಧ್ಯಯನಗಳಲ್ಲಿ ಪರಿಣಾಮವು ಬಹುತೇಕ ಶೂನ್ಯವಾಗಿತ್ತು.

ಇದರಿಂದ ಒಂದು ಮಾರ್ಗ ಸ್ಪಷ್ಟವಾಗುತ್ತದೆ. ಒಟ್ಟಾರೆ ‘ಬುದ್ಧಿ’ಯನ್ನು ಅಳೆಯಲು ಹೊರಡುವ ಸಣ್ಣ ಅಧ್ಯಯನದಿಂದ ಏನೂ ಸಿದ್ಧವಾಗುವ ಸಂಭವವಿಲ್ಲ. ಸಂಗೀತ ಮತ್ತು ಭಾಷೆ ಎರಡೂ ಬಳಸುವ ನಿರ್ದಿಷ್ಟ ಸಾಮರ್ಥ್ಯಗಳನ್ನು, ಅಂದರೆ ಧ್ವನಿಯ ಕಾಲಮಾನ ಮತ್ತು ಸ್ಥಾಯಿಗಳ ಗ್ರಹಿಕೆಯನ್ನು ಅಳೆದರೆ ಫಲ ದೊರೆಯಬಹುದು. ಇಲ್ಲಿಯೇ ಭಾಷಾವಿಜ್ಞಾನದ ವಿದ್ಯಾರ್ಥಿಗೆ ಮನೋವಿಜ್ಞಾನದ ವಿದ್ಯಾರ್ಥಿಗಿಲ್ಲದ ಅನುಕೂಲವಿದೆ.

3. ಭಾಷೆಯೇ ಕೊಟ್ಟಿರುವ ತರಬೇತಿ

ಕನ್ನಡದಲ್ಲಿ ಕಾಲಮಾನವು ಅರ್ಥಭೇದಕ. ಬಳೆ–ಬಾಳೆ, ನಡು–ನಾಡು, ಮಲೆ–ಮಾಲೆ ಎಂಬ ಜೋಡಿಗಳಲ್ಲಿ ಸ್ವರದ ಉದ್ದವೂ, ಕತೆ–ಕತ್ತೆ, ಹಳಿ–ಹಳ್ಳಿ, ಬಳಿ–ಬಳ್ಳಿ ಎಂಬ ಜೋಡಿಗಳಲ್ಲಿ ವ್ಯಂಜನದ ಉದ್ದವೂ ಪದವನ್ನು ಬೇರ್ಪಡಿಸುತ್ತವೆ. ಛಂದಸ್ಸಿನ ಲೆಕ್ಕದಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ‘ಬಾಳೆ’ ಮತ್ತು ‘ಕತ್ತೆ’ ಎರಡೂ ಮೂರು ಮಾತ್ರೆಯವು, ಒಂದರಲ್ಲಿ ಸ್ವರ ದೀರ್ಘವಾಗಿ, ಇನ್ನೊಂದರಲ್ಲಿ ಒತ್ತಕ್ಷರ ಪರವಾಗಿ ಮೊದಲ ಅಕ್ಷರ ಗುರುವಾಗಿದೆ. ಹತ್ತನೆಯ ಶತಮಾನದ ಕೊನೆಯ ನಾಗವರ್ಮನ ‘ಛಂದೋಂಬುಧಿ’ಯ ಕಾಲದಿಂದಲೂ ಈ ಲೆಕ್ಕ ನಮ್ಮ ಶಾಸ್ತ್ರದಲ್ಲಿ ನೆಲೆಯೂರಿದೆ. ಆಡುಮಾತಿನಲ್ಲಿ ಈ ಅನುಪಾತವು ವೇಗಕ್ಕೂ ಸ್ಥಾನಕ್ಕೂ ತಕ್ಕಂತೆ ಬದಲಾಗುತ್ತದೆಯಾದರೂ, ಭೇದವನ್ನು ಗುರುತಿಸದೆ ಕನ್ನಡವನ್ನು ಅರ್ಥಮಾಡಿಕೊಳ್ಳಲು ಸಾಧ್ಯವಿಲ್ಲ.

ಹಾಗಾದರೆ, ಸಂಗೀತದ ಗಂಧವೇ ಇಲ್ಲದ ಕನ್ನಡಿಗನೂ ಕಾಲಮಾನವನ್ನು ಅಳೆಯುವ ಕಿವಿಯನ್ನು ಎಳವೆಯಿಂದಲೇ ಪಡೆದಿರುತ್ತಾನೆ ಎಂದು ಊಹಿಸಲು ಅವಕಾಶವಿದೆ. ಈ ಊಹೆಗೆ ನೆರವಾಗುವ ಅಧ್ಯಯನವೊಂದು ಫಿನ್ನಿಷ್ ಭಾಷೆಯನ್ನು ಕುರಿತದ್ದು. ಫಿನ್ನಿಷ್ ಕೂಡ ಕನ್ನಡದಂತೆ ಸ್ವರ-ವ್ಯಂಜನಗಳೆರಡರಲ್ಲಿಯೂ ಉದ್ದದಿಂದ ಅರ್ಥಭೇದ ಮಾಡುವ ಭಾಷೆ. ಮಾರೀ, ಕುಯಲಾ ಮತ್ತು ಬೆಸೋನ್ (2012) ಮೂರು ಗುಂಪುಗಳನ್ನು ಹೋಲಿಸಿದರು: ಸಂಗೀತ ಕಲಿಯದ ಫಿನ್ನಿಷ್ ಭಾಷಿಕರು, ಸಂಗೀತಗಾರರಾದ ಫ್ರೆಂಚ್ ಭಾಷಿಕರು, ಸಂಗೀತ ಕಲಿಯದ ಫ್ರೆಂಚ್ ಭಾಷಿಕರು. ಒಂದೇ ಬಗೆಯ ಧ್ವನಿಗಳ ಸಾಲಿನಲ್ಲಿ ನಡುವೆ ಒಂದರ ಉದ್ದವನ್ನು ಬದಲಿಸಿದಾಗ, ಗಮನ ಬೇರೆಡೆ ಇದ್ದರೂ ಮಿದುಳಿನಲ್ಲಿ ಏಳುವ ವಿದ್ಯುತ್ ಪ್ರತಿಕ್ರಿಯೆಯನ್ನು ಅವರು ದಾಖಲಿಸಿದರು. ಫ್ರೆಂಚ್ ಸಂಗೀತಗಾರರಲ್ಲಿ ಮಾತ್ರವಲ್ಲದೆ, ಸಂಗೀತ ಕಲಿಯದ ಫಿನ್ನಿಷ್ ಭಾಷಿಕರಲ್ಲಿಯೂ ಈ ಪ್ರತಿಕ್ರಿಯೆ ಮೂರನೆಯ ಗುಂಪಿಗಿಂತ ಪ್ರಬಲವಾಗಿತ್ತು. ಒಬ್ಬರಿಗೆ ಸಂಗೀತಶಾಲೆ ಕೊಟ್ಟದ್ದನ್ನು ಇನ್ನೊಬ್ಬರಿಗೆ ತಾಯ್ನುಡಿಯೇ ಕೊಟ್ಟಿತ್ತು.

ಇದೇ ಮಾತನ್ನು ಸ್ಥಾಯಿಯ ಬಗ್ಗೆ ಹೇಳಲಾಗದು. ಚೀನದ ಮ್ಯಾಂಡರಿನ್‌ನಲ್ಲಿ ಸ್ಥಾಯಿಯ ಏರಿಳಿತ ಪದದ ಅರ್ಥವನ್ನೇ ಬದಲಿಸುತ್ತದೆ. ಕನ್ನಡದಲ್ಲಿ ಅದು ವಾಕ್ಯದ ಧಾಟಿಗೆ, ಭಾವಕ್ಕೆ ಸಂಬಂಧಿಸಿದ್ದೇ ಹೊರತು ಪದಭೇದಕವಲ್ಲ. ವಾಂಗ್, ಸ್ಕೋ, ರೂಸೊ, ಡೀಸ್ ಮತ್ತು ಕ್ರಾಸ್ (2007) ಮ್ಯಾಂಡರಿನ್ ಅರಿಯದ ಇಂಗ್ಲಿಷ್ ಭಾಷಿಕರಿಗೆ ಆ ಭಾಷೆಯ ಪದಗಳನ್ನು ಕೇಳಿಸಿದಾಗ, ಸ್ಥಾಯಿಯ ಚಲನೆಯು ಸಂಗೀತಗಾರರ ಮಿದುಳುಕಾಂಡದಲ್ಲಿ ಇತರರಿಗಿಂತ ನಿಖರವಾಗಿ ಮೂಡಿತು. ಪದಮಟ್ಟದಲ್ಲಿ ಭಾಷೆ ತರಬೇತಿ ಕೊಡದ ಕಡೆ ಸಂಗೀತದ ಗುರುತು ಎದ್ದು ಕಾಣುತ್ತದೆ.

ಕಾಲಮಾನ ಮತ್ತು ಸ್ಥಾಯಿಗಳ ಈ ಅಸಮತೆಯೇ ಕನ್ನಡದ ಸಂಶೋಧಕನ ಕೈಯಲ್ಲಿರುವ ಮುಖ್ಯ ಸಾಧನವೆಂದು ನಾವು ಭಾವಿಸುತ್ತೇವೆ. ಒಂದು ಆಯಾಮದಲ್ಲಿ ಭಾಷೆ ಎಲ್ಲರಿಗೂ ತರಬೇತಿ ಕೊಟ್ಟಿದೆ, ಇನ್ನೊಂದರಲ್ಲಿ ಕೊಟ್ಟಿಲ್ಲ. ಸಂಗೀತದ ಪಾಲು ಎಷ್ಟೆಂದು ಬೇರ್ಪಡಿಸಿ ನೋಡಲು ಇದಕ್ಕಿಂತ ಸಹಜವಾದ ಅಳತೆಗೋಲು ದೊರೆಯುವುದು ಕಷ್ಟ.

4. ಸಂಗೀತ ಪಾಠವು ಕಲಿಸುವುದೇನು?

‘ಸಂಗೀತ ಬಲ್ಲವರು’ ಎಂಬುದು ಒಂದೇ ವರ್ಗವಲ್ಲ. ಕರ್ನಾಟಕ ಸಂಗೀತದ ವಿದ್ಯಾರ್ಥಿ ಸರಳೆ ವರಸೆ, ಜಂಟಿ ವರಸೆ, ಅಲಂಕಾರಗಳನ್ನು ಮೂರು ಕಾಲಗಳಲ್ಲಿ ಹಾಡುತ್ತಾನೆ. ಕೈ ಒಂದೇ ವೇಗದಲ್ಲಿ ತಾಳವನ್ನು ಹಾಕುತ್ತಿರುವಾಗ ಕಂಠ ಅದರ ಎರಡರಷ್ಟು, ನಾಲ್ಕರಷ್ಟು ವೇಗದಲ್ಲಿ ಸಾಗಬೇಕು. ಕಾಲವನ್ನು ಸಮಭಾಗಗಳಾಗಿ ಒಡೆಯುವ, ಎರಡು ವೇಗಗಳನ್ನು ಏಕಕಾಲದಲ್ಲಿ ಹಿಡಿದಿಡುವ ಅಭ್ಯಾಸವಿದು. ಪಟೇಲ್ 2011ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ ಸಂಗೀತದ ತರಬೇತಿ ಮಾತಿನ ಗ್ರಹಿಕೆಗೆ ನೆರವಾಗಬೇಕಾದರೆ ಐದು ಷರತ್ತುಗಳು ಕೂಡಿಬರಬೇಕು: ಎರಡಕ್ಕೂ ಮಿದುಳಿನ ಸಮಾನ ಜಾಲ ಬಳಕೆಯಾಗಬೇಕು, ಸಂಗೀತವು ಆ ಜಾಲದಿಂದ ಮಾತಿಗಿಂತ ಹೆಚ್ಚು ನಿಖರತೆಯನ್ನು ಬೇಡಬೇಕು, ಭಾವ, ಪುನರಾವರ್ತನೆ ಮತ್ತು ಏಕಾಗ್ರತೆ ಅದರಲ್ಲಿ ಇರಬೇಕು. ವರಸೆಗಳ ನಿತ್ಯಾಭ್ಯಾಸದಲ್ಲಿ ನಿಖರತೆ, ಪುನರಾವರ್ತನೆ, ಏಕಾಗ್ರತೆಗಳಿಗೆ ಕೊರತೆಯಿಲ್ಲ.

ಆದರೆ ಕೃತಿಯನ್ನು ಹಾಡುವಾಗ ಭಾಷೆಯ ಕಾಲಮಾನ ತಾಳದ ಕಾಲಮಾನಕ್ಕೆ ಮಣಿಯುತ್ತದೆ. ಹ್ರಸ್ವಾಕ್ಷರವೊಂದು ಇಡೀ ಆವರ್ತದವರೆಗೆ ಎಳೆಯಲ್ಪಡಬಹುದು, ಪದದ ನಡುವೆ ವಿರಾಮ ಬರಬಹುದು. ಕೇಳುಗನು ಅರ್ಥವನ್ನು ಸಂದರ್ಭದಿಂದ ಮರಳಿ ಕಟ್ಟಿಕೊಳ್ಳುತ್ತಾನೆ. ಗಾಯಕನು ಹಾಗೆ ವ್ಯಾಕರಣದ ಉದ್ದ ಮತ್ತು ಸಂಗೀತದ ಉದ್ದ ಎಂಬ ಎರಡು ಲೆಕ್ಕಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಲು ಕಲಿಯುತ್ತಾನೆ.

ಇದಕ್ಕೆ ಪ್ರತಿಯಾಗಿ ನಿಲ್ಲುವುದು ಕಾವ್ಯವಾಚನದ ಗಮಕ. ಸ್ವರವನ್ನು ಅಲುಗಿಸುವ, ಜಾರಿಸುವ ಕ್ರಿಯೆಗೆ ಸಂಗೀತಶಾಸ್ತ್ರದಲ್ಲಿ ಗಮಕವೆಂಬ ಹೆಸರಿದೆಯಾದ್ದರಿಂದ ಇಲ್ಲಿ ‘ಗಮಕ ವಾಚನ’ ಎಂದೇ ಬಳಸುತ್ತೇವೆ. ಗಮಕ ವಾಚನದಲ್ಲಿ ರಾಗವಿದೆ, ತಾಳವಿಲ್ಲ. ಪದಚ್ಛೇದವೂ ಅರ್ಥವೂ ಅಲ್ಲಿ ಪ್ರಧಾನ. ಭಾಮಿನಿ ಷಟ್ಪದಿಯ ಮೂರು-ನಾಲ್ಕು ಮಾತ್ರೆಗಳ ಗಣವಿನ್ಯಾಸ ಮಿಶ್ರಛಾಪು ತಾಳದ ಮೂರು-ನಾಲ್ಕರ ಎಣಿಕೆಯನ್ನು ಹೋಲುತ್ತದೆ. ಆದರೂ ಗಮಕಿಯು ಅದನ್ನು ತಾಳಕ್ಕೆ ಕಟ್ಟದೆ ಮಾತಿನ ನಡೆಗೆ ಒಪ್ಪಿಸುತ್ತಾನೆ. ಕೃತಿಯ ಗಾಯಕ ಮತ್ತು ಗಮಕಿ ಇಬ್ಬರಿಗೂ ಸ್ಥಾಯಿಯ ತರಬೇತಿ ಸಮಾನವಾಗಿದ್ದು, ಕಾಲದ ತರಬೇತಿ ಭಿನ್ನವಾಗಿದೆ. ತಾಳಾಭ್ಯಾಸವೇ ಕಾಲಮಾನದ ಗ್ರಹಿಕೆಯನ್ನು ಚುರುಕುಗೊಳಿಸುತ್ತದೆಯೇ ಎಂಬ ಪ್ರಶ್ನೆಗೆ ಈ ಇಬ್ಬರ ಹೋಲಿಕೆ ನೇರ ಉತ್ತರ ಕೊಡಬಲ್ಲದು.

5. ರುದ್ರಪಟ್ಟಣದ ತೊಡಕು

ರುದ್ರಪಟ್ಟಣದ ಸಂಗೀತ ಪರಂಪರೆ ಬಹುಮಟ್ಟಿಗೆ ಸಂಕೇತಿ ಸಮುದಾಯದ ಮನೆಗಳಲ್ಲಿ ಬೆಳೆದುಬಂದದ್ದು. ಸಂಕೇತಿ ದ್ರಾವಿಡ ಭಾಷೆ, ತಮಿಳು-ಮಲಯಾಳಗಳಿಗೆ ಹತ್ತಿರವಾದದ್ದು, ಶತಮಾನಗಳ ಕಾಲ ಕನ್ನಡದ ನಡುವೆ ಬಾಳಿ ಅದರಿಂದ ಬಹಳಷ್ಟನ್ನು ಪಡೆದದ್ದು. ಹಾಸನದ ಬಳಿಯ ಕೌಶಿಕ ಮತ್ತು ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರಗಳ ಹೆಸರಿನಿಂದ ಅದರ ಪ್ರಭೇದಗಳನ್ನು ಗುರುತಿಸುತ್ತಾರೆ. ಇದನ್ನಾಡುವವರು ಮನೆಯಲ್ಲಿ ಸಂಕೇತಿಯನ್ನೂ, ಊರಿನಲ್ಲಿ, ಶಾಲೆಯಲ್ಲಿ, ಬರಹದಲ್ಲಿ ಕನ್ನಡವನ್ನೂ ಬಳಸುತ್ತಾರೆ. ಅಂದರೆ ರುದ್ರಪಟ್ಟಣದಲ್ಲಿ ಸಂಗೀತವನ್ನು ಬಲ್ಲವರನ್ನು ಹುಡುಕುವ ಸಂಶೋಧಕನಿಗೆ ಅನೇಕ ವೇಳೆ ಸಿಗುವವರು ಎಳವೆಯಿಂದಲೇ ದ್ವಿಭಾಷಿಕರಾದವರು.

ಇದರ ಪರಿಣಾಮವೇನು? ಬೇಡದ ಪ್ರಚೋದನೆಯನ್ನು ತಡೆದು ಬೇಕಾದುದರ ಮೇಲೆ ಗಮನವನ್ನಿಡುವ ಸಾಮರ್ಥ್ಯವು ದ್ವಿಭಾಷಿಕರಲ್ಲಿ ಹೆಚ್ಚು ಎಂಬ ವಾದವೊಂದು ಹಲವು ದಶಕಗಳಿಂದ ಇದೆ. ಅದನ್ನು ಒಪ್ಪದವರೂ ಇದ್ದಾರೆ. ಬಿಯಾಲಿಸ್ಟಾಕ್ ಮತ್ತು ಡಿಪೇಪ್ (2009) ಸಂಗೀತಗಾರರನ್ನೂ ದ್ವಿಭಾಷಿಕರನ್ನೂ ಒಂದೇ ಅಧ್ಯಯನದೊಳಗೆ ತಂದದ್ದು, ಎರಡೂ ಅನುಭವಗಳಿಗೆ ಒಂದೇ ಬಗೆಯ ಲಾಭವನ್ನು ಆರೋಪಿಸಲಾಗುತ್ತಿದ್ದುದರಿಂದಲೇ. ಹೈದರಾಬಾದಿನಲ್ಲಿ ಆಲಾಡಿ ಮತ್ತು ಸಂಗಡಿಗರು (2013) ಮರೆವಿನ ಕಾಯಿಲೆಯ 648 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದಾಗ, ದ್ವಿಭಾಷಿಕರಲ್ಲಿ ಕಾಯಿಲೆಯ ಆರಂಭ ಸರಾಸರಿ ನಾಲ್ಕೂವರೆ ವರ್ಷ ತಡವಾಗಿತ್ತು. ಓದುಬರಹ ಬಾರದವರಲ್ಲಿಯೂ ಈ ವ್ಯತ್ಯಾಸ ಕಂಡದ್ದು ಅದರ ವೈಶಿಷ್ಟ್ಯ. ಈ ವಾದದಲ್ಲಿ ಯಾರ ಪಕ್ಷವನ್ನು ವಹಿಸಿದರೂ, ರುದ್ರಪಟ್ಟಣದ ಸಂಗೀತಗಾರನನ್ನು ಕನ್ನಡವನ್ನಷ್ಟೇ ಮನೆಮಾತಾಗಿ ಆಡುವವನೊಡನೆ ಹೋಲಿಸಿ, ಗಮನದ ಪರೀಕ್ಷೆಯಲ್ಲಿ ಕಂಡ ವ್ಯತ್ಯಾಸವನ್ನು ಸಂಗೀತದ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ ಎಂಬುದಂತೂ ಸ್ಪಷ್ಟ.

ಈ ತೊಡಕಿಗೆ ಪರಿಹಾರವಿದೆ. ಸಂಕೇತಿಯನ್ನಾಡುತ್ತ ಸಂಗೀತವನ್ನು ಕಲಿಯದವರು ಅದೇ ಊರಿನಲ್ಲಿಯೂ ಕೌಶಿಕದಂತಹ ಸಮೀಪದ ಊರುಗಳಲ್ಲಿಯೂ ಸಿಗಬಹುದು. ಅವರೇ ಮೊದಲ ಹೋಲಿಕೆಯ ಗುಂಪಾಗಬೇಕು. ಕನ್ನಡ ಮನೆಮಾತಿನ ಸಂಗೀತ ವಿದ್ಯಾರ್ಥಿಗಳು ಹಾಸನ ಪಟ್ಟಣದಲ್ಲಿ ಸಿಗುತ್ತಾರೆ. ಅವರು ಎರಡನೆಯ ಗುಂಪು. ಇನ್ನು ಹಿಂದಿನ ಭಾಗದಲ್ಲಿ ಹೇಳಿದ ಗಮಕ ವಾಚನದ ಹೋಲಿಕೆಗೆ ಜಿಲ್ಲೆಯನ್ನು ದಾಟಬೇಕಾಗುತ್ತದೆ. ಶಿವಮೊಗ್ಗದ ಬಳಿಯ, ತುಂಗಾ ತೀರದ ಹೊಸಹಳ್ಳಿಯೂ ಸಂಕೇತಿ ಭಾಷಿಕರ ಊರು. ಅಲ್ಲಿ ನೆಲೆಗೊಂಡಿರುವುದು ಗಮಕ ವಾಚನದ ಪರಂಪರೆ. ಆ ಊರಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಮನೆಮಾತು ಒಂದೇ, ರಾಗದ ಅಭ್ಯಾಸವೂ ಸಮಾನ, ಆದರೆ ಒಂದು ಊರಿನಲ್ಲಿ ತಾಳಬದ್ಧ ಕೃತಿ, ಇನ್ನೊಂದರಲ್ಲಿ ತಾಳಮುಕ್ತ ಕಾವ್ಯ. ಪಕ್ಕದ ಮತ್ತೂರಿನಂತೆ ಅಲ್ಲಿ ಸಂಸ್ಕೃತದ ಬಳಕೆಯೂ ಇರುವುದನ್ನು ಲೆಕ್ಕದಲ್ಲಿಟ್ಟುಕೊಂಡರೆ, ಪ್ರಯೋಗಾಲಯದಲ್ಲಿ ಕಟ್ಟಲಾಗದ ಹೋಲಿಕೆಯೊಂದು ಇಲ್ಲಿ ತಾನಾಗಿ ಒದಗಿದೆ.

ಮತ್ತೊಂದು ಎಚ್ಚರಿಕೆಯನ್ನೂ ಹೇಳಬೇಕು. ರುದ್ರಪಟ್ಟಣದಲ್ಲಿ ಹುಟ್ಟಿದ ಸಂಗೀತಗಾರರಲ್ಲಿ ಹಲವರು ಮೈಸೂರು, ಬೆಂಗಳೂರುಗಳಲ್ಲಿ ನೆಲೆಸಿದವರು. ಊರಿನಲ್ಲಿ ಇಂದು ಸಿಗುವವರನ್ನು ಆ ಪರಂಪರೆಯ ಪೂರ್ಣ ಪ್ರತಿನಿಧಿಗಳೆಂದು ಭಾವಿಸಲಾಗದು.

6. ಅಂಕಿಗಳ ನೆನಪು ಮತ್ತು ಮಾಧ್ಯಮದ ಪ್ರಶ್ನೆ

ಅರಿವಿನ ಅಧ್ಯಯನಗಳಲ್ಲಿ ಹೆಚ್ಚಾಗಿ ಬಳಕೆಯಾಗುವ ಪರೀಕ್ಷೆಗಳಲ್ಲೊಂದು ಅಂಕಿಗಳ ಸಾಲನ್ನು ಕೇಳಿ ಅದೇ ಕ್ರಮದಲ್ಲಿ ಹೇಳುವುದು. ಇದು ಭಾಷಾತೀತವಾದ ಪರೀಕ್ಷೆಯೆಂಬ ಭಾವನೆ ತಪ್ಪು. ಬ್ಯಾಡ್ಲಿ, ಥಾಮ್ಸನ್ ಮತ್ತು ಬುಕಾನನ್ (1975) ತೋರಿಸಿಕೊಟ್ಟಂತೆ, ಉಚ್ಚರಿಸಲು ಹೆಚ್ಚು ಹೊತ್ತು ಬೇಕಾದ ಪದಗಳನ್ನು ಅಲ್ಪಾವಧಿ ಸ್ಮೃತಿ ಕಡಿಮೆ ಸಂಖ್ಯೆಯಲ್ಲಿ ಹಿಡಿದಿಡುತ್ತದೆ. ವೆಲ್ಷ್-ಇಂಗ್ಲಿಷ್ ದ್ವಿಭಾಷಿಕರು ವೆಲ್ಷ್‌ನಲ್ಲಿ ಕಡಿಮೆ ಅಂಕಿಗಳನ್ನು ನೆನಪಿಡುವುದಕ್ಕೆ ಆ ಭಾಷೆಯ ಅಂಕಿಗಳ ಉಚ್ಚಾರಣೆಗೆ ಹೆಚ್ಚು ಹೊತ್ತು ತಗಲುವುದೇ ಕಾರಣವೆಂದು ಎಲಿಸ್ ಮತ್ತು ಹೆನೆಲಿ (1980) ವಿವರಿಸಿದರು.

ಒಂದರಿಂದ ಒಂಬತ್ತರವರೆಗಿನ ಇಂಗ್ಲಿಷ್ ಅಂಕಿಗಳಲ್ಲಿ ‘ಸೆವೆನ್’ ಒಂದನ್ನು ಬಿಟ್ಟರೆ ಎಲ್ಲವೂ ಏಕಾಕ್ಷರ ಪದಗಳು. ಕನ್ನಡದಲ್ಲಿ ಏಕಾಕ್ಷರದ ಅಂಕಿ ಒಂದೂ ಇಲ್ಲ. ‘ಎರಡು’, ‘ಒಂಬತ್ತು’ಗಳಿಗೆ ಮೂರು ಅಕ್ಷರಗಳು. ಹಾಸನದ ಇಂಗ್ಲಿಷ್ ಮಾಧ್ಯಮದ ಮಗುವೊಂದು ‘ಫೈವ್, ಟೂ, ನೈನ್’ ಎಂದು ಮನಸ್ಸಿನಲ್ಲಿ ಉರುಹೊಡೆಯುತ್ತಿದ್ದರೆ, ಅರಕಲಗೂಡಿನ ಹಳ್ಳಿಯೊಂದರ ಕನ್ನಡ ಮಾಧ್ಯಮದ ಮಗು ‘ಐದು, ಎರಡು, ಒಂಬತ್ತು’ ಎನ್ನುತ್ತಿರುತ್ತದೆ. ಪಟ್ಟಣದ ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಸಂಗೀತ ತರಗತಿಗೆ ಹೋಗುವ ಅನುಕೂಲವೂ ಹೆಚ್ಚಾಗಿದ್ದಲ್ಲಿ, ಅಂಕಿಗಳ ಉದ್ದದಿಂದ ಹುಟ್ಟಿದ ವ್ಯತ್ಯಾಸವು ಸಂಗೀತದಿಂದ ಹುಟ್ಟಿದಂತೆ ತೋರುತ್ತದೆ. ಕನ್ನಡ ಮಾಧ್ಯಮದ ಮಗುವಿನ ಸ್ಮೃತಿ ದುರ್ಬಲವೆಂಬ ತೀರ್ಪು ವರದಿಯಲ್ಲಿ ಉಳಿದುಬಿಟ್ಟರೆ ಅದರ ಹೊರೆಯನ್ನು ಹೊರುವವರು ಆ ಮಕ್ಕಳು. ಆದ್ದರಿಂದ ಪರೀಕ್ಷೆಯ ಭಾಷೆ, ಮಗು ಎಣಿಸಲು ಬಳಸುವ ಭಾಷೆ, ಅಂಕಿಗಳನ್ನು ಹೇಳುವ ವೇಗ ಈ ಮೂರನ್ನೂ ದಾಖಲಿಸಿಕೊಳ್ಳಬೇಕು.

ಓದಿನ ಪೂರ್ವಸಿದ್ಧತೆಯನ್ನು ಅಳೆಯುವ ಪರೀಕ್ಷೆಗಳಿಗೂ ಈ ಮಾತು ಅನ್ವಯಿಸುತ್ತದೆ. ಕನ್ನಡ ಓದುವ ಮಕ್ಕಳನ್ನು ಕುರಿತ ಸೊನಾಲಿ ನಾಗ್ ಅವರ ಅಧ್ಯಯನ (2007) ತೋರಿಸಿದಂತೆ, ಇಲ್ಲಿ ಅಕ್ಷರಮಟ್ಟದ ಅರಿವು ಮೊದಲು ಬಲಿಯುತ್ತದೆ, ಸ್ವನಿಮಮಟ್ಟದ ಅರಿವು ನಿಧಾನವಾಗಿ ಬರುತ್ತದೆ. ಪದದ ಮೊದಲ ವ್ಯಂಜನವನ್ನು ತೆಗೆದು ಹೇಳೆನ್ನುವ ಇಂಗ್ಲಿಷ್ ಮಾದರಿಯ ಪರೀಕ್ಷೆಯಲ್ಲಿ ಕನ್ನಡದ ಮಗು ತಡವರಿಸಿದರೆ ಅದು ಲಿಪಿಯ ಸ್ವಭಾವವನ್ನು ಹೇಳುತ್ತದೆಯೇ ಹೊರತು ಸಂಗೀತದ ಕೊರತೆಯನ್ನಲ್ಲ.

7. ಸಾಧ್ಯವಿರುವ ವಿನ್ಯಾಸ

ಈ ಎಲ್ಲವನ್ನೂ ಗಮನಿಸಿ, ಲ್ಯಾಪ್‌ಟಾಪ್, ಉತ್ತಮ ಹೆಡ್‌ಫೋನ್, ಪ್ರಾಟ್ ತಂತ್ರಾಂಶ ಮತ್ತು ನಿಶ್ಶಬ್ದವಾದ ಕೋಣೆ ಇಷ್ಟರಿಂದಲೇ ನಡೆಸಬಹುದಾದ ಅಧ್ಯಯನವೊಂದನ್ನು ಸೂಚಿಸುತ್ತೇವೆ. ಇದರ ತಿರುಳು ಎರಡು ಪರೀಕ್ಷೆಗಳು. ಮೊದಲನೆಯದರಲ್ಲಿ ‘ಬಳೆ’ ಎಂಬ ಉಚ್ಚಾರಣೆಯ ಮೊದಲ ಸ್ವರವನ್ನು ಸಮ ಹಂತಗಳಲ್ಲಿ ಹಿಗ್ಗಿಸುತ್ತ ‘ಬಾಳೆ’ಯವರೆಗೆ ಸಾಗಿ, ಎಷ್ಟು ಸಣ್ಣ ವ್ಯತ್ಯಾಸವನ್ನು ಕೇಳುಗ ಗುರುತಿಸಬಲ್ಲನೆಂದು ಅಳೆಯುವುದು. ಎರಡನೆಯದರಲ್ಲಿ ಅದೇ ಪದದ ಉದ್ದವನ್ನು ಸ್ಥಿರವಾಗಿಟ್ಟು ಸ್ಥಾಯಿಯನ್ನು ಬದಲಿಸುವುದು. ಮಾತಲ್ಲದ ಶುದ್ಧ ನಾದಗಳಲ್ಲಿಯೂ ಎರಡನ್ನೂ ಪುನರಾವರ್ತಿಸಬೇಕು. ಕರ್ನಾಟಕ ಸಂಗೀತದ ಕಿವಿ ಅಲುಗುವ, ಜಾರುವ ಸ್ವರಗಳಿಗೆ ಒಗ್ಗಿಕೊಂಡಿರುವುದರಿಂದ ಸ್ಥಿರ ನಾದಗಳ ಜೊತೆಗೆ ಜಾರುನಾದಗಳನ್ನೂ ಸೇರಿಸುವುದು ಒಳ್ಳೆಯದು. ಹಳೆಯ ಮೈಸೂರು ಭಾಗದ ಆಡುಮಾತಿನಲ್ಲಿ ‘ಬರುತ್ತಾನೆ’ ಎಂಬುದು ‘ಬರ್ತಾನೆ’ ಆಗುವಂತೆ ನಡುವಿನ ಹ್ರಸ್ವ ಸ್ವರಗಳು ಲೋಪವಾಗುತ್ತವೆ. ಆದ್ದರಿಂದ ಪರೀಕ್ಷಾಪದಗಳಲ್ಲಿ ಬದಲಾಗುವ ಸ್ವರವು ಮೊದಲ ಅಕ್ಷರದಲ್ಲಿಯೇ ಇರಬೇಕು.

ಫಲಿತಾಂಶ ಮೂರು ಬಗೆಯಾಗಿ ಬರಬಹುದು. ಸಂಗೀತಗಾರರು ಸ್ಥಾಯಿಯಲ್ಲಿ ಮುಂದಿದ್ದು ಕಾಲಮಾನದಲ್ಲಿ ಇತರರಿಗೆ ಸಮನಾಗಿದ್ದರೆ, ಕಾಲಮಾನದ ಕಿವಿಯನ್ನು ಕನ್ನಡವೇ ಎಲ್ಲರಿಗೂ ಕೊಟ್ಟಿದೆ, ಸಂಗೀತವು ಭಾಷೆ ಮುಟ್ಟದ ಕಡೆ ಕೆಲಸ ಮಾಡಿದೆ ಎನ್ನಬಹುದು. ಎರಡರಲ್ಲಿಯೂ ಮುಂದಿದ್ದು, ಗಮಕಿಗಳು ಸ್ಥಾಯಿಯಲ್ಲಿ ಮಾತ್ರ ಮುಂದಿದ್ದರೆ, ತಾಳಾಭ್ಯಾಸವು ಭಾಷೆಯ ತರಬೇತಿಯನ್ನೂ ಮೀರಿ ಕಾಲಮಾನದ ಕಿವಿಯನ್ನು ತಿದ್ದಿದೆ ಎಂಬ ವಾದಕ್ಕೆ ಬಲ ಬರುತ್ತದೆ. ಸಂಗೀತಗಾರರು ಧ್ವನಿಗೆ ಸಂಬಂಧವೇ ಇಲ್ಲದ, ಚಿತ್ರಗಳನ್ನು ಹೊಂದಿಸುವಂತಹ ಪರೀಕ್ಷೆಯಲ್ಲಿಯೂ ಅಷ್ಟೇ ಅಂತರದಿಂದ ಮುಂದಿದ್ದರೆ ಅದು ಶಾಲೆ, ಮನೆಯ ಸ್ಥಿತಿಗತಿ ಅಥವಾ ಪರೀಕ್ಷೆಯ ಬಗೆಗಿನ ಉತ್ಸಾಹದ ಪರಿಣಾಮವಾಗಿರುವ ಸಂಭವವೇ ಹೆಚ್ಚು. ಆದಕಾರಣ ಅಂತಹ ಒಂದು ಪರೀಕ್ಷೆಯನ್ನು ಬೇಕೆಂದೇ ಸೇರಿಸಬೇಕು.

ನಾಲ್ಕು ತಾಲ್ಲೂಕುಗಳು ಇಲ್ಲಿ ನಾಲ್ಕು ಬಗೆಯ ಕೇಳುಗರನ್ನು ಒದಗಿಸುತ್ತವೆ. ಅರಕಲಗೂಡಿನಲ್ಲಿ ಪರಂಪರೆಯ ಶಾಸ್ತ್ರೀಯ ಸಂಗೀತಗಾರರು. ಹಾಸನದಲ್ಲಿ ತರಗತಿಗಳಲ್ಲಿ ಸಂಗೀತ ಕಲಿಯುವ ಕನ್ನಡ ಮನೆಮಾತಿನವರು. ಹೊಳೆನರಸೀಪುರದಲ್ಲಿ ಪಾಠವಿಲ್ಲದೆ ದೇವಾಲಯದ ಭಜನೆಗಳಲ್ಲಿ ಗುಂಪಿನೊಡನೆ ಹಾಡಿ, ತಾಳ ಹಾಕಿ ರೂಢಿಯಾದವರು. ಮಂಡ್ಯ, ತುಮಕೂರು ಜಿಲ್ಲೆಗಳಿಗೆ ಅಂಟಿಕೊಂಡ ಚನ್ನರಾಯಪಟ್ಟಣದಲ್ಲಿ ಆ ಸೀಮೆಯ ಮೂಡಲಪಾಯ ಯಕ್ಷಗಾನದ ಭಾಗವತರು, ಮೇಳದವರು. ಕೇಳಿ ಕಲಿತ, ಔಪಚಾರಿಕ ಶಾಲಾಶಿಕ್ಷಣ ಕಡಿಮೆಯಿರುವ ಭಾಗವತರೊಬ್ಬರು ಕಾಲಮಾನದ ಪರೀಕ್ಷೆಯಲ್ಲಿ ಶಾಸ್ತ್ರೀಯ ಗಾಯಕರಿಗೆ ಸಮನಾಗಿ ನಿಂತರೆ, ಆ ಸಾಮರ್ಥ್ಯಕ್ಕೆ ಶಾಲೆಯ ಓದು ಕಾರಣವೆಂಬ ಸಂದೇಹ ದೂರವಾಗುತ್ತದೆ. ಸಂಗೀತವೆಂದರೆ ಶಾಸ್ತ್ರೀಯ ಸಂಗೀತವೆಂದೇ ತಿಳಿದು ಇವರನ್ನು ‘ಸಂಗೀತ ಬಾರದವರ’ ಗುಂಪಿಗೆ ಸೇರಿಸಿದರೆ ಹೋಲಿಕೆಯೇ ಕೆಡುತ್ತದೆ.

ಮಿದುಳಿನ ಪ್ರತಿಕ್ರಿಯೆಯನ್ನು ನೇರವಾಗಿ ದಾಖಲಿಸುವ ಅಧ್ಯಯನವು ಇದರ ಮುಂದಿನ ಹೆಜ್ಜೆ. ಅದಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ, ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಗಳ ಸಹಯೋಗ ಬೇಕಾಗುತ್ತದೆ. ಕಿವಿಯ ಮಟ್ಟದಲ್ಲಿ ಭಾಷೆ ಮತ್ತು ಸಂಗೀತಗಳ ಪಾಲನ್ನು ಬೇರ್ಪಡಿಸದೆ ವಿದ್ಯುದಗ್ರಗಳನ್ನು ತಲೆಗೆ ಜೋಡಿಸಿದರೆ, ಬೇರ್ಪಡದ ಗೊಂದಲವೇ ಇನ್ನಷ್ಟು ವೆಚ್ಚದಲ್ಲಿ ಮರಳಿ ಬರುತ್ತದೆ.

8. ಉಪಸಂಹಾರ

ಇಂತಹ ಅಧ್ಯಯನವು ಸಂಗೀತ ಕಲಿತವರು ಹೇಗೆ ಭಿನ್ನರು ಎಂಬುದನ್ನು ಹೇಳಬಲ್ಲದು. ಅವರನ್ನು ಸಂಗೀತವೇ ಭಿನ್ನರನ್ನಾಗಿಸಿತೇ ಅಥವಾ ಅಂತಹ ಕಿವಿಯುಳ್ಳವರೇ ಸಂಗೀತದಲ್ಲಿ ಉಳಿದರೇ ಎಂಬುದನ್ನು ಹೇಳಲಾರದು. ಅದಕ್ಕೆ ಮಕ್ಕಳನ್ನು ಪಾಠದ ಮೊದಲಿನಿಂದ ವರ್ಷಗಳ ಕಾಲ ಹಿಂಬಾಲಿಸಿ ಅಳೆಯಬೇಕಾಗುತ್ತದೆ. ವಿದ್ಯಾರ್ಥಿಯ ಪ್ರಬಂಧದ ಕೊನೆಯ ಅಧ್ಯಾಯದಲ್ಲಿ ಈ ಮಿತಿಯನ್ನು ಸ್ಪಷ್ಟವಾಗಿ ಬರೆಯುವುದು ಅಗತ್ಯ. ಆ ಅಧ್ಯಾಯದ ಒಂದು ವಾಕ್ಯ ಪಾಲಕರ ಕಿವಿಗೆ ಬಿದ್ದಾಗ, ಹತ್ತನೆಯ ತರಗತಿಗೆ ಬಂದೊಡನೆ ಮಗುವಿನ ಸಂಗೀತವನ್ನು ನಿಲ್ಲಿಸಬೇಕೇ, ಬುದ್ಧಿ ಬೆಳೆಯಲೆಂದು ಬಲವಂತವಾಗಿ ಸೇರಿಸಬೇಕೇ ಎಂಬ ನಿರ್ಧಾರಗಳು ಅದನ್ನು ಆಧರಿಸಬಹುದು.

ಸಂಗೀತವನ್ನು ಕಲಿಯಲು ಅದರಿಂದ ಗಣಿತದ ಅಂಕ ಹೆಚ್ಚುತ್ತದೆಂಬ ಸಮರ್ಥನೆ ಬೇಕಿಲ್ಲ. ಕನ್ನಡವನ್ನಾಡುವ ಮಗುವಿನ ಕಿವಿಯಲ್ಲಿ ಕಾಲಮಾನದ ಅರಿವನ್ನು ಮೊದಲು ಊರುವುದು ತಾಯ್ನುಡಿಯೆಂದು ಕಂಡುಬಂದರೂ ಸಂಗೀತದ ಘನತೆಗೆ ಕುಂದಿಲ್ಲ. ಬಳೆಯನ್ನೂ ಬಾಳೆಯನ್ನೂ ಬೇರ್ಪಡಿಸುವ ಕಿವಿಗೆ ತಾಳವು ಇನ್ನೇನನ್ನು ಸೇರಿಸುತ್ತದೆ ಎಂಬುದು ಅಳೆದು ಉತ್ತರಿಸಬಹುದಾದ ಪ್ರಶ್ನೆ. ಅದಕ್ಕೆ ಬೇಕಾದ ಭಾಷಿಕರು, ಗಾಯಕರು, ಗಮಕಿಗಳು, ಭಾಗವತರು ಈ ಸೀಮೆಯಲ್ಲಿಯೂ ಅದರ ನೆರೆಯಲ್ಲಿಯೂ ಇದ್ದಾರೆ. ಮೊದಲ ಹೆಜ್ಜೆಯಾಗಿ, ಭಾಗವಹಿಸುವ ಪ್ರತಿಯೊಬ್ಬರ ಮನೆಮಾತು, ಶಾಲೆಯ ಮಾಧ್ಯಮ, ಕಲಿತ ಸಂಗೀತದ ಬಗೆ ಮತ್ತು ಕಲಿತ ವರ್ಷಗಳನ್ನು ಒಂದೇ ನಮೂನೆಯಲ್ಲಿ ದಾಖಲಿಸುವ ಪ್ರಶ್ನಾವಳಿಯೊಂದನ್ನು ನಾಲ್ಕೂ ಊರುಗಳ ವಿದ್ಯಾರ್ಥಿಗಳು ಕೂಡಿ ಸಿದ್ಧಪಡಿಸಿಕೊಳ್ಳುವುದು ಒಳಿತು.